ಎದುರು ದಡದಿಂದ ಓದಬೇಕಾದ ಕೋಟೆಗಳು

ಬೇನಾಕ್ ಕೋಟೆಯ ನೆತ್ತಿಗೆ ಹತ್ತಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಮೊದಲು ಕಾಣುವುದು ಕಾಲಡಿಯ ಆಳ. ಬಂಡೆ ನೆಟ್ಟಗೆ ಸುಮಾರು 150 ಮೀಟರ್ ಇಳಿದು ಹಳ್ಳಿಯ ಮಾಡುಗಳ ಹಿಂದೆ ಕಾಲೂರುತ್ತದೆ. ಹಳ್ಳಿಗೆ ಒರಗಿಕೊಂಡು ದೋರ್ದೋನ್ ನದಿ. ನದಿಯಾಚೆ ಸಾಲು ಹಿಡಿದು ನೆಟ್ಟ ಅಕ್ರೋಟು ಮರಗಳು, ಮೆಕ್ಕೆಜೋಳದ ಹೊಲಗಳು. ಅಲ್ಲಿಂದ ಕಣ್ಣೆತ್ತಿದರೆ ಮೂರು ಕಿಲೋಮೀಟರ್ ಕೂಡ ಇಲ್ಲದ ದೂರದಲ್ಲಿ, ಎದುರು ಗುಡ್ಡದ ಮೂಗಿನ ತುದಿಗೆ, ಇನ್ನೊಂದು ಕೋಟೆ. ಅದು ಕಸ್ತೆಲ್ನೋ. ಎಂಟುನೂರು ವರ್ಷಗಳಿಂದ ಎರಡೂ ಹೀಗೇ ಒಂದನ್ನೊಂದು ದಿಟ್ಟಿಸುತ್ತಾ ಕೂತಿವೆ.

ನೈಋತ್ಯ ಫ್ರಾನ್ಸಿನ ಪೆರಿಗೋರ್ ಸೀಮೆಯ ಈ ಕಣಿವೆಗೆ ಬರುವ ಹೆಚ್ಚಿನವರು ಕೋಟೆಗಳನ್ನು ಒಂದೊಂದಾಗಿ ನೋಡುತ್ತಾರೆ. ಟಿಕೆಟ್ ತಗೊಂಡು ಒಳಗೆ ಹೋಗಿ, ಕೋಣೆಗಳನ್ನು ಸುತ್ತಿ, ಫೋಟೊ ಹೊಡೆದು, ಮುಂದಿನ ಕೋಟೆಗೆ ಕಾರು ಹತ್ತುತ್ತಾರೆ. ಹಾಗೆ ನೋಡಿದರೆ ಸಿಗುವುದು ಅರ್ಧ ಮಾತ್ರ. ಈ ಕೋಟೆ ಇಲ್ಲೇ ಏಕಿದೆ, ಯಾರಿಗೆ ಹೆದರಿತ್ತು, ಯಾರನ್ನು ಹೆದರಿಸುತ್ತಿತ್ತು ಎನ್ನುವುದೆಲ್ಲ ಅದರೊಳಗೆ ನಿಂತವರಿಗೆ ಕಾಣುವುದಿಲ್ಲ. ಎದುರಿನ ಗುಡ್ಡ ಹತ್ತಬೇಕು. ಈ ನಾಡಿನಲ್ಲಿ ಕೋಟೆ ಒಂದು ಅಕ್ಷರವಿದ್ದಂತೆ, ಪದವಾಗುವುದು ಇಡೀ ಕಣಿವೆ ಸೇರಿದಾಗಲೇ. ಅದನ್ನು ಓದುವುದು ಹೇಗೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಫ್ರೆಂಚರು ‘ಶಾತೋ’ ಎನ್ನುವ ಒಂದೇ ಪದದಲ್ಲಿ ಕೋಟೆಯನ್ನೂ ಅರಮನೆಯನ್ನೂ ದೊಡ್ಡ ಬಂಗಲೆಯನ್ನೂ ಕರೆಯುತ್ತಾರೆ. ಬೋರ್ಡೋ ಕಡೆಗೆ ಹೋದರೆ ದ್ರಾಕ್ಷಿತೋಟದ ನಡುವಿನ ಸಾದಾ ತೋಟದ ಮನೆಯೂ ವೈನ್ ಬಾಟಲಿಯ ಚೀಟಿಯ ಮೇಲೆ ಶಾತೋ. ಲ್ಯಾಟಿನ್ನಿನ ‘ಕಸ್ತೆಲ್ಲುಂ’ ಎಂದರೆ ಚಿಕ್ಕ ಕೋಟೆ. ಅದು ಹಳೆಯ ಫ್ರೆಂಚಿನಲ್ಲಿ ‘ಶಸ್ತೆಲ್’ ಆಗಿ, ನಡುವಿನ ಸಕಾರ ಸವೆದು ಶಾತೋ ಆಯಿತು. ಕದನಕ್ಕೆಂದೇ ಕಟ್ಟಿದ್ದನ್ನು ಬೇರೆ ಮಾಡಿ ಹೇಳಬೇಕಾದರೆ ‘ಶಾತೋ ಫೋರ್’ ಎನ್ನುತ್ತಾರೆ, ಅಂದರೆ ಗಟ್ಟಿ ಶಾತೋ. ಬೇನಾಕ್, ಕಸ್ತೆಲ್ನೋ ಆ ಜಾತಿಯವು. ನಾಲ್ಕೈದು ಕಿಲೋಮೀಟರ್ ಆಚೆಯ ಮಿಲಾಂದ್ ಬೇರೆ ಜಾತಿ. ಅದಕ್ಕೆ ಆಮೇಲೆ ಬರುತ್ತೇನೆ.

ಇಡೀ ಕಥೆಯ ಬೇರು ಇರುವುದು ನದಿಯಲ್ಲಿ. ದೋರ್ದೋನ್ ಫ್ರಾನ್ಸಿನ ನಡುವಿನ ಹಳೆಯ ಜ್ವಾಲಾಮುಖಿ ಬೆಟ್ಟಗಳಲ್ಲಿ ಹುಟ್ಟಿ, 480 ಕಿಲೋಮೀಟರಿನಷ್ಟು ಹರಿದು, ಬೋರ್ಡೋ ಹತ್ತಿರ ಗರೋನ್ ನದಿಯನ್ನು ಸೇರುತ್ತದೆ. ಪೆರಿಗೋರಿನಲ್ಲಿ ಅದು ಸುಣ್ಣಕಲ್ಲಿನ ನಾಡನ್ನು ಕೊರೆದುಕೊಂಡು ಹೋಗುತ್ತದೆ. ನೆಟ್ಟಗೆ ಹೋಗುವುದಿಲ್ಲ, ಹಾವಿನಂತೆ ಬಳುಕುತ್ತದೆ. ತಿರುವಿನಲ್ಲಿ ನೀರಿನ ರಭಸವೆಲ್ಲ ಹೊರಬದಿಗೆ ಬೀಳುವುದರಿಂದ ಆ ದಡ ತಳದಲ್ಲಿ ಸವೆದು, ಮೇಲಿನದು ಕುಸಿದು, ನೆಟ್ಟನೆಯ ಬಂಡೆಗೋಡೆಯಾಗುತ್ತದೆ. ಒಳಬದಿಯಲ್ಲಿ ನೀರು ನಿಧಾನ, ಅಲ್ಲಿ ಹೂಳು ಕೂತು ಫಲವತ್ತಾದ ಬಯಲಾಗುತ್ತದೆ. ಹೀಗೆ ಪ್ರತಿ ತಿರುವಿನಲ್ಲೂ ಒಂದು ಕಡೆ ಕೋಟೆಗೆ ಹೇಳಿಮಾಡಿಸಿದ ಬಂಡೆ, ಇನ್ನೊಂದು ಕಡೆ ಆ ಕೋಟೆಯನ್ನು ಸಾಕಬಲ್ಲ ಹೊಲ. ಈ ದೊಡ್ಡ ತಿರುವುಗಳಿಗೆ ಅಲ್ಲಿನವರ ಮಾತಿನಲ್ಲಿ ‘ಸೇಂಗ್ಲ್’ ಎಂದು ಹೆಸರು. ಸೊಂಟಕ್ಕೆ ಸುತ್ತುವ ಪಟ್ಟಿಯ ಅರ್ಥದ ಪದ ಅದು. ತ್ರೆಮೊಲಾ ಮತ್ತು ಮೊಂಫೋರ್ ಹಳ್ಳಿಗಳ ಮೇಲಿನ ನೋಟದ ಜಾಗಗಳಲ್ಲಿ ನಿಂತರೆ, ಭೂಮಿಗೆ ಯಾರೋ ಡಾಬು ತೊಡಿಸಿದ್ದಾರೆ ಅನ್ನಿಸುವಷ್ಟು ಆ ಹೆಸರು ಸರಿಹೊಂದುತ್ತದೆ.

ರೈಲು ಬರುವವರೆಗೆ ಈ ನದಿಯೇ ಹೆದ್ದಾರಿ. ‘ಗಬಾರ್’ ಎಂಬ ತಳ ಚಪ್ಪಟೆಯಾದ ಮರದ ದೋಣಿಗಳಲ್ಲಿ ಮೇಲಿನ ಕಾಡುಗಳ ಮರ, ಪೀಪಾಯಿಯ ಹಲಗೆ, ವೈನ್ ಎಲ್ಲ ಬೆರ್ಜರಾಕ್, ಲಿಬೂರ್ನ್, ಬೋರ್ಡೋ ಕಡೆಗೆ ಇಳಿಯುತ್ತಿದ್ದವು. ನದಿಯ ಮೇಲೆ ಕಣ್ಣಿಟ್ಟವನಿಗೆ ವ್ಯಾಪಾರದ ಮೇಲೆ ಹಿಡಿತ. ಬೇನಾಕಿನ ನೆತ್ತಿಯಿಂದ ದೋಣಿ ಯಾವ ತಿರುವಿನಲ್ಲಿ ಕಾಣಿಸಿಕೊಂಡು ಯಾವ ತಿರುವಿನಲ್ಲಿ ಮರೆಯಾಗುತ್ತದೆ ಎಂದು ಸುಮ್ಮನೆ ಗಮನಿಸಿ ನೋಡಿ. ಅಷ್ಟು ಹೊತ್ತು ಅದು ಕೋಟೆಯವನ ಕೈಯಲ್ಲಿ.

ಊರ ಹೆಸರುಗಳನ್ನೂ ಓದಿಕೊಂಡು ಹೋಗಬಹುದು. ಬೇನಾಕ್, ಫೆರಾಕ್, ಮಾರ್ಕೇಸಾಕ್, ಗಜಾಕ್ ಎಲ್ಲಕ್ಕೂ ‘ಆಕ್’ ಎಂಬ ಬಾಲವಿದೆ. ರೋಮನ್ನರ ಆಳ್ವಿಕೆಯ ಕಾಲದಲ್ಲಿ ಜಮೀನಿನ ಒಡೆಯನ ಹೆಸರಿಗೆ ‘ಆಕುಂ’ ಸೇರಿಸಿದರೆ ಅದು ಇಂಥವನ ಹೊಲಮನೆ ಎಂದಾಗುತ್ತಿತ್ತು. ಮಧ್ಯಯುಗದಲ್ಲಿ ಇಲ್ಲಿ ಆಡುತ್ತಿದ್ದ ಮಾತು ಪ್ಯಾರಿಸಿನ ಫ್ರೆಂಚ್ ಅಲ್ಲ, ಆಕ್ಸಿತಾನ್. ಆ ಭಾಷೆಯಲ್ಲಿ ‘ರೋಕ’ ಎಂದರೆ ಬಂಡೆ. ‘ಕಸ್ತೆಲ್ ನೋವ್’ ಎಂದರೆ ಹೊಸ ಕೋಟೆ. ಕಸ್ತೆಲ್ನೋ ಅಂದರೆ ಅಕ್ಷರಶಃ ಹೊಸಕೋಟೆ. ಅದನ್ನು ತಿಳಿದ ಮೇಲೆ ಆ ಊರು ಕನ್ನಡಿಗರಿಗೆ ಅಷ್ಟು ದೂರದ್ದು ಅನ್ನಿಸುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಒಂದೇ ಮಾತು, ಒಂದೇ ಧರ್ಮ, ಒಂದೇ ನದಿಯ ನೀರು. ಹೀಗಿದ್ದೂ ಎರಡು ದಡಗಳು ಹಗೆಗಳಾಗಿದ್ದೇಕೆ?

ಅದಕ್ಕೆ ಒಂದು ಮದುವೆಯಿಂದ ಶುರುಮಾಡಬೇಕು. ನೈಋತ್ಯ ಫ್ರಾನ್ಸಿನ ಬಹುಪಾಲು ಆಗ ಆಕ್ವಿಟೇನ್ ಎಂಬ ದೊಡ್ಡ ಸಂಸ್ಥಾನ. ಅದರ ವಾರಸುದಾರಳು ಎಲೀನರ್. ಆಕೆ ಫ್ರಾನ್ಸಿನ ದೊರೆ 7ನೇ ಲೂಯಿಯ ಹೆಂಡತಿಯಾಗಿದ್ದಳು. 1152ರಲ್ಲಿ ಆ ಮದುವೆ ಅನೂರ್ಜಿತವಾಯಿತು, ಎರಡೇ ತಿಂಗಳಲ್ಲಿ ಆಕೆ ಹೆನ್ರಿ ಪ್ಲಾಂಟಾಜೆನೆಟ್‌ನನ್ನು ಮದುವೆಯಾದಳು. 1154ರಲ್ಲಿ ಆ ಹೆನ್ರಿ ಇಂಗ್ಲೆಂಡಿನ ದೊರೆಯಾದ. ಅಲ್ಲಿಗೆ ಗಂಟು ಬಿತ್ತು. ಇಂಗ್ಲೆಂಡಿನಲ್ಲಿ ಅವನು ಸ್ವತಂತ್ರ ರಾಜ. ಆಕ್ವಿಟೇನಿನ ಮಟ್ಟಿಗೆ ಮಾತ್ರ ಫ್ರಾನ್ಸಿನ ರಾಜನ ಸಾಮಂತ, ಅವನೆದುರು ಮಂಡಿಯೂರಿ ನಿಷ್ಠೆಯ ಪ್ರಮಾಣ ಮಾಡಬೇಕಾದವನು. ಒಬ್ಬ ರಾಜ ಇನ್ನೊಬ್ಬ ರಾಜನಿಗೆ ತಲೆಬಾಗುವ ಈ ಏರ್ಪಾಡು ಹೆಚ್ಚು ಕಾಲ ಶಾಂತವಾಗಿ ನಡೆಯುವಂಥದ್ದಲ್ಲ.

1259ರಲ್ಲಿ ಪ್ಯಾರಿಸಿನಲ್ಲಿ ಒಪ್ಪಂದ ಮಾಡಿಕೊಂಡು ಗಡಿಗಳನ್ನು ಗುರುತಿಸಲು ನೋಡಿದರು. ಆದರೆ ಪೆರಿಗೋರಿನಂಥ ಸೀಮೆಗಳಲ್ಲಿ ಗಡಿ ಎನ್ನುವುದು ಭೂಪಟದ ಮೇಲಿನ ಗೆರೆಯಾಗಿರಲಿಲ್ಲ. ಇಂಥ ಕೋಟೆಯ ಒಡೆಯ ಇಂಥ ರಾಜನ ಕಡೆ ಎನ್ನುವುದೇ ಗಡಿ. ಒಡೆಯ ಮನಸ್ಸು ಬದಲಿಸಿದರೆ ಗಡಿಯೂ ಬದಲು. 1337ರಲ್ಲಿ ಫ್ರಾನ್ಸಿನ 6ನೇ ಫಿಲಿಪ್ ತನ್ನ ಸಾಮಂತನಾದ ಇಂಗ್ಲೆಂಡಿನ 3ನೇ ಎಡ್ವರ್ಡನಿಂದ ಆಕ್ವಿಟೇನನ್ನು ಮುಟ್ಟುಗೋಲು ಹಾಕಿಕೊಂಡದ್ದೇ ನೂರು ವರ್ಷಗಳ ಯುದ್ಧದ ಆರಂಭ. ಅದು ಮುಗಿದದ್ದು 1453ರಲ್ಲಿ.

ಬೇನಾಕ್ ಒಟ್ಟಾರೆ ಫ್ರೆಂಚ್ ರಾಜನ ಕಡೆ ನಿಂತಿತು. ಕಸ್ತೆಲ್ನೋ 1368ರಲ್ಲಿ ಮದುವೆಯ ಮೂಲಕ ಕೋಮೋಂ ಮನೆತನಕ್ಕೆ ಹೋಯಿತು. ಅವರು ಇಂಗ್ಲಿಷ್ ರಾಜನ ಪಕ್ಷ. ನದಿ ನಡುವಿನ ಗೆರೆಯಾಯಿತು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕು. ‘ಇಂಗ್ಲಿಷರ ಕೋಟೆ’ ಎಂದು ಪ್ರವಾಸಿ ಫಲಕಗಳು ಹೇಳಿದರೂ ಒಳಗಿದ್ದವರಲ್ಲಿ ಬಹುಮಂದಿ ಇದೇ ನೈಋತ್ಯದ ಜನ. ದೂರದ ಲಂಡನ್ನಿನ ರಾಜ ಹತ್ತಿರದ ಪ್ಯಾರಿಸಿನ ರಾಜನಿಗಿಂತ ಕಡಿಮೆ ಕಾಟ ಕೊಡುತ್ತಾನೆ, ಬೋರ್ಡೋ ವೈನಿಗೆ ಇಂಗ್ಲೆಂಡಿನಲ್ಲಿ ಒಳ್ಳೆ ಮಾರುಕಟ್ಟೆಯೂ ಇದೆ ಎನ್ನುವ ಲೆಕ್ಕ ಆ ಕಾಲದ ಅನೇಕರದು. ದೇಶಭಕ್ತಿ ಎನ್ನುವ ಇಂದಿನ ಕನ್ನಡಕ ಹಾಕಿಕೊಂಡರೆ ಈ ಕಣಿವೆ ಅರ್ಥವಾಗುವುದಿಲ್ಲ.

1442ರಲ್ಲಿ ಫ್ರೆಂಚ್ ಸೇನೆ ಕಸ್ತೆಲ್ನೋಗೆ ಮುತ್ತಿಗೆ ಹಾಕಿತು. ಮೂರು ವಾರಗಳ ನಂತರ ಒಳಗಿದ್ದ ನಾಯಕ ಪ್ರಾಣ ಉಳಿಸಿಕೊಂಡು, 400 ಚಿನ್ನದ ನಾಣ್ಯ ಪಡೆದು ಬೀಗದ ಕೈ ಒಪ್ಪಿಸಿದ. ಕೋಟೆಗಳ ಕಥೆ ಬಹಳ ಸಲ ಮುಗಿಯುವುದು ಹೀಗೆಯೇ. ಹಸಿವು, ಮಾತುಕತೆ, ದುಡ್ಡು. ಗೋಡೆ ಹತ್ತಿ ಹೊಡೆದಾಡುವುದು ಕೊನೆಯ ದಾರಿ.

ಹಾಗಾದರೆ ಗೋಡೆಗಳ ಕೆಲಸವೇನು? ಕಾಲ ತಳ್ಳುವುದು. ಬೇನಾಕಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನದಿಯ ಕಡೆ ಬಂಡೆಯೇ ಕಾವಲು, ಅಲ್ಲಿ ಖರ್ಚಿಲ್ಲ. ಬೆನ್ನಿನ ಕಡೆ ಮಾತ್ರ ಗುಡ್ಡದ ಸಮತಟ್ಟು ಕೋಟೆಯವರೆಗೂ ಬರುತ್ತದೆ. ಆ ಒಂದು ಬದಿಗೇ ಒಂದರ ಹಿಂದೊಂದು ಗೋಡೆ, ಕಂದಕ, ಹೆಬ್ಬಾಗಿಲು. ಯಾವ ಕೋಟೆಗೆ ಹೋದರೂ ಮೊದಲು ಹುಡುಕಬೇಕಾದ್ದು ಇದನ್ನೇ. ಗೋಡೆ ಎಲ್ಲಿ ದಪ್ಪವೋ ಅಲ್ಲೇ ಭಯ ಇತ್ತು. ಒಳಗಿನ ಎತ್ತರದ ಗೋಪುರಕ್ಕೆ ಫ್ರೆಂಚಿನಲ್ಲಿ ‘ದೊಂಜೋಂ’ ಎನ್ನುತ್ತಾರೆ. ಎಲ್ಲವೂ ಕೈಬಿಟ್ಟಾಗ ಒಡೆಯ ಸೇರಿಕೊಳ್ಳುವ ಕಡೆಯ ಆಸರೆ ಅದು. ಇಂಗ್ಲಿಷಿನ ‘ಡಂಜನ್’ ಹುಟ್ಟಿದ್ದು ಇದೇ ಪದದಿಂದ. ಎತ್ತರದ ಗೋಪುರದ ಹೆಸರು ಕಾಲ ಕಳೆದಂತೆ ನೆಲಮಾಳಿಗೆಯ ಸೆರೆಮನೆಗೆ ಇಳಿಯಿತು.

ಗೋಡೆಯ ತುದಿಯ ತೆನೆಗಳ ಕೆಳಗೆ ಹೊರಚಾಚಿದ ಕಲ್ಲಿನ ಬ್ರಾಕೆಟ್ಟುಗಳ ಸಾಲು ಕಂಡರೆ ಅವುಗಳ ನಡುವೆ ಕೆಳಗೆ ತೆರೆದ ಕಿಂಡಿಗಳಿರುತ್ತವೆ. ಗೋಡೆಯ ಬುಡಕ್ಕೆ ಬಂದವನ ಮೇಲೆ ನೇರವಾಗಿ ಕಲ್ಲು ಹಾಕುವುದಕ್ಕೆ ಅವು. ಕುದಿಯುವ ಎಣ್ಣೆ ಸುರಿಯುತ್ತಿದ್ದರು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಆ ಕಾಲದಲ್ಲಿ ಎಣ್ಣೆಯ ಬೆಲೆ ನೆನೆದರೆ ಅದನ್ನು ಹಾಗೆ ಚೆಲ್ಲುವವರು ಅಪರೂಪ. ಕಲ್ಲು ಪುಕ್ಕಟೆ ಸಿಗುತ್ತಿತ್ತು.

ಈ ಮುತ್ತಿಗೆಯ ಲೋಕವನ್ನು ಕಣ್ಣಾರೆ ನೋಡಬೇಕಾದರೆ ಕಸ್ತೆಲ್ನೋಗೇ ಹೋಗಬೇಕು. 1985ರಿಂದ ಅಲ್ಲಿ ಮಧ್ಯಯುಗದ ಯುದ್ಧಕಲೆಯ ಮ್ಯೂಸಿಯಂ ಇದೆ. ಅಂಗಳದಲ್ಲಿ ಮರದ ದೈತ್ಯ ಕವಣೆಯಂತ್ರಗಳನ್ನು ಹಳೆಯ ಅಳತೆಯಲ್ಲೇ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಅವುಗಳಲ್ಲಿ ದೊಡ್ಡದಕ್ಕೆ ‘ಟ್ರೆಬುಶೆ’ ಎಂದು ಹೆಸರು. ಬಾವಿಯಿಂದ ನೀರೆತ್ತುವ ಏತ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಏತದಲ್ಲಿ ಉದ್ದ ಮರದ ಒಂದು ತುದಿಗೆ ಬಾನಿ, ಇನ್ನೊಂದು ತುದಿಗೆ ಭಾರ. ಭಾರ ಇಳಿದರೆ ಬಾನಿ ಏರುತ್ತದೆ. ಟ್ರೆಬುಶೆಯಲ್ಲಿ ಭಾರದ ತುದಿಯಲ್ಲಿ ಹಲವು ಟನ್ ಮಣ್ಣು, ಕಲ್ಲು ತುಂಬಿದ ಮರದ ಪೆಟ್ಟಿಗೆ ತೂಗುತ್ತದೆ. ಉದ್ದನೆಯ ತುದಿಗೆ ಬಾನಿಯ ಬದಲು ಕವಣೆಯ ಜೋಳಿಗೆ. ಉದ್ದ ತುದಿಯನ್ನು ಹಗ್ಗ, ರಾಟೆಗಳಿಂದ ಕೆಳಕ್ಕೆಳೆದು ಕೊಕ್ಕೆ ಹಾಕುತ್ತಾರೆ. ಕೊಕ್ಕೆ ತಪ್ಪಿಸಿದ ಕ್ಷಣ ಪೆಟ್ಟಿಗೆ ಕುಸಿಯುತ್ತದೆ, ತೋಳು ಮೇಲಕ್ಕೆ ಚಿಮ್ಮುತ್ತದೆ, ಜೋಳಿಗೆ ಅದರ ಹಿಂದೆ ಬೀಸಿ ಬಂದು ಬಾಯಿ ಬಿಡುತ್ತದೆ. ಸುಮಾರು 100 ಕಿಲೋ ತೂಕದ ಗುಂಡುಕಲ್ಲು 200 ಮೀಟರ್ ದೂರ ಹೋಗಿ ಬೀಳುತ್ತದೆ. ಇಷ್ಟಾದರೂ ಗಂಟೆಗೆ ಒಂದೋ ಎರಡೋ ಕಲ್ಲು ಮಾತ್ರ. ಆದರೆ ಪ್ರತಿ ಕಲ್ಲೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬೀಳುತ್ತಿದ್ದದ್ದರಿಂದ ದಿನಗಟ್ಟಲೆ ಹೊಡೆದರೆ ಯಾವ ಗೋಡೆಯೂ ಬಿರುಕು ಬಿಡಲೇಬೇಕು.

ಆ ಯಂತ್ರದ ಪಕ್ಕ ನಿಂತು ಬೇನಾಕಿನ ಕಡೆ ನೋಡಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. 200 ಮೀಟರ್ ಎಲ್ಲಿ, ಸುಮಾರು ಮೂರು ಕಿಲೋಮೀಟರ್ ಎಲ್ಲಿ? ಈ ಎರಡು ಕೋಟೆಗಳು ಕೂತಲ್ಲಿಂದಲೇ ಒಂದಕ್ಕೊಂದು ಹೊಡೆಯಲು ಸಾಧ್ಯವೇ ಇರಲಿಲ್ಲ. ಕಣ್ಣಿಟ್ಟಿರುವುದಷ್ಟೇ ಸಾಧ್ಯ. ಎದುರಾಳಿ ದೋಣಿ ಇಳಿಸಿದನೇ, ಕುದುರೆ ಹೊರಟವೇ, ಒಲೆಯ ಹೊಗೆ ಹೆಚ್ಚಾಯಿತೇ ಎಂದು ಕಾಯುವುದು. ಈ ಕಣಿವೆಯಲ್ಲಿ ಆಯುಧಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಕಣ್ಣು ಎಂದು ನನಗೆ ತೋರುತ್ತದೆ. ಇಂದು ನಾವು ‘ವ್ಯೂಪಾಯಿಂಟ್’ ಎಂದು ಹುಡುಕಿಕೊಂಡು ಹೋಗುವ ಜಾಗಗಳು ಆಗಿನ ಕಾವಲುಗಾರನ ಡ್ಯೂಟಿಯ ಜಾಗಗಳೇ.

ಆಮೇಲೆ ಫಿರಂಗಿ ಬಂತು, ಎಲ್ಲ ಲೆಕ್ಕ ತಲೆಕೆಳಗಾಯಿತು. ನೂರು ವರ್ಷಗಳ ಯುದ್ಧದ ಕೊನೆಯ ದೊಡ್ಡ ಕದನ ನಡೆದದ್ದು ಇದೇ ನದಿಯ ಕೆಳಹರಿವಿನಲ್ಲಿ, ಕಾಸ್ತಿಯೋಂ ಎಂಬಲ್ಲಿ, 1453ರ ಜುಲೈ 17ರಂದು. ಇಂಗ್ಲಿಷ್ ಸೇನಾಪತಿ ಜಾನ್ ಟಾಲ್ಬಟ್ ಫ್ರೆಂಚರ ಫಿರಂಗಿಗಳ ಸಾಲಿಗೆ ನೇರವಾಗಿ ನುಗ್ಗಿ ಸತ್ತ. ಅದೇ ವರ್ಷ ಬೋರ್ಡೋ ಫ್ರಾನ್ಸಿನ ಪಾಲಾಯಿತು. ಎತ್ತರವಾಗಿ, ತೆಳ್ಳಗೆ ನಿಂತ ಗೋಡೆಗೆ ಕಬ್ಬಿಣದ ಗುಂಡಿನೆದುರು ಉಳಿಗಾಲವಿಲ್ಲ. ಕಸ್ತೆಲ್ನೋದಲ್ಲಿ ಆ ಬದಲಾವಣೆ ಕಲ್ಲಿನಲ್ಲೇ ಕಾಣುತ್ತದೆ. ಹಳೆಯ ಚೌಕ ಗೋಪುರದ ಮುಂದೆ, ದಾಳಿ ಬರಬಹುದಾದ ದಿಕ್ಕಿಗೆ, ಆಮೇಲೆ ಕಟ್ಟಿದ ದುಂಡನೆಯ ಗಿಡ್ಡ ಗೋಪುರವಿದೆ. ಫಿರಂಗಿಯ ಕಾಲದ ಗೋಪುರ ಅದು. ಬತೇರಿ ಎಂದರೆ ನಮ್ಮವರಿಗೆ ತಕ್ಷಣ ಅರ್ಥವಾಗುತ್ತದೆ. ಗುಂಡು ದುಂಡು ಮೈಗೆ ತಾಗಿ ಜಾರುತ್ತದೆ, ಕೆಳಗಿನ ಕಿಂಡಿಗಳಿಂದ ಮರುಗುಂಡು ಹಾರಿಸಬಹುದು.

ಎದುರು ನಿಂತ ಜೋಡಿ ಕೋಟೆಗಳಷ್ಟೇ ಅಲ್ಲ, ಇಡೀ ಊರುಗಳೂ ಈ ಪೈಪೋಟಿಯ ದಾಳಗಳಾದವು. 13ನೇ ಶತಮಾನದಲ್ಲಿ ಎರಡೂ ಕಡೆಯ ರಾಜರು, ಸಾಮಂತರು ‘ಬಾಸ್ತೀದ್’ ಎಂಬ ಹೊಸ ಊರುಗಳನ್ನು ನೂರಾರು ಸಂಖ್ಯೆಯಲ್ಲಿ ಕಟ್ಟಿಸಿದರು. ಅಡ್ಡ ಉದ್ದ ಗೆರೆ ಎಳೆದಂತೆ ಬೀದಿಗಳು, ನಡುವೆ ಸಂತೆಯ ಚೌಕ, ಸುತ್ತ ಕಮಾನಿನ ಕೈಸಾಲೆ. ಬಂದು ನೆಲೆಸಿದವರಿಗೆ ನಿವೇಶನ, ತೆರಿಗೆಯಲ್ಲಿ ರಿಯಾಯಿತಿ. ಜನ ಬಂದರೆ ನೆಲ ನಮ್ಮದು ಎನ್ನುವ ಉಪಾಯ. ಇಂಗ್ಲೆಂಡಿನ 1ನೇ ಎಡ್ವರ್ಡ್ 1284ರಲ್ಲಿ ಮಾಡಿಸಿದ ಮೊಂಪಾಜಿಯೆ ಇಂದಿಗೂ ಸುಮಾರು 400 ಮೀಟರ್ ಉದ್ದ, 220 ಮೀಟರ್ ಅಗಲದ ಆಯತ. ಅದಕ್ಕೆ ಮೂರು ವರ್ಷ ಮೊದಲು, 1281ರಲ್ಲಿ, ಫ್ರಾನ್ಸಿನ 3ನೇ ಫಿಲಿಪ್ ದೋರ್ದೋನಿನ ಎಡದಂಡೆಯ ಬಂಡೆಯ ಮೇಲೆ ದೋಮ್ ಊರನ್ನು ಕಟ್ಟಿಸಿದ. ಬಂಡೆಯ ಆಕಾರ ಬಿಟ್ಟುಕೊಡದ ಕಾರಣ ದೋಮ್ ಆಯತವಾಗಲಿಲ್ಲ, ಸೊಟ್ಟಗಾಯಿತು. ಆದರೆ ಅದರ ‘ಬಾರ್’ ಎಂಬ ನೋಟದ ಕಟ್ಟೆಯಿಂದ ಕಾಣುವ ಬಯಲಿಗೆ ಸಮನಾದದ್ದು ಈ ಕಣಿವೆಯಲ್ಲಿ ಬೇರೆಲ್ಲೂ ಇಲ್ಲ ಎಂದು ನಾನು ನಂಬುತ್ತೇನೆ. ಬೆಳಗಿನ ಮಂಜು ನದಿಯ ಜಾಡಿನಲ್ಲೇ ಮಲಗಿರುತ್ತದೆ. ಅದು ಎದ್ದು ಹೋದಂತೆ ಹೊಲದ ಬದುಗಳು ಒಂದೊಂದಾಗಿ ಮೂಡುತ್ತವೆ.

ಆ ನೋಟವೇ ದೋಮ್‌ನ ದೌರ್ಬಲ್ಯವಾದದ್ದೂ ಉಂಟು. ಬಂಡೆ ಇಷ್ಟು ಕಡಿದಾಗಿರುವಾಗ ಆ ಕಡೆ ಗೋಡೆ ಯಾಕೆ ಎಂದು ಬಿಟ್ಟಿದ್ದರು. 1588ರಲ್ಲಿ, ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ಕದನ ನಡೆಯುತ್ತಿದ್ದಾಗ, ಪ್ರಾಟೆಸ್ಟಂಟ್ ದಂಡನಾಯಕ ಜೆಫ್ರುವಾ ದ ವಿವಾಂ ಸುಮಾರು 30 ಜನರೊಂದಿಗೆ ರಾತ್ರಿಯಲ್ಲಿ ಆ ಬಂಡೆಯನ್ನೇ ಹತ್ತಿ ಊರೊಳಗೆ ಇಳಿದ. ಗದ್ದಲವೆಬ್ಬಿಸಿ, ಕಾವಲಿನವರು ಗಾಬರಿಯಾದ ಹೊತ್ತಿಗೆ ಒಳಗಿನಿಂದಲೇ ಬಾಗಿಲು ತೆರೆದು ಹೊರಗಿದ್ದ ತನ್ನ ಸೇನೆಯನ್ನು ಬಿಟ್ಟುಕೊಂಡ. ಹಿಂದೆ ಹಲವು ಮುತ್ತಿಗೆಗಳನ್ನು ತಡೆದಿದ್ದ ಊರು ನಂಬಿಕೆಯ ಬದಿಯಿಂದಲೇ ಬಿತ್ತು.

ದೋಮ್‌ನಲ್ಲಿ ನೋಡಲೇಬೇಕಾದ ಇನ್ನೊಂದು ‘ಗೋಪುರಗಳ ಬಾಗಿಲು’. 1307ರ ಅಕ್ಟೋಬರ್ 13ರಂದು ಫ್ರಾನ್ಸಿನ 4ನೇ ಫಿಲಿಪ್ ತನ್ನ ರಾಜ್ಯದ ಟೆಂಪ್ಲರ್ ಯೋಧಸಂನ್ಯಾಸಿಗಳನ್ನು ಒಂದೇ ದಿನ ಬಂಧಿಸಿದ. ಅವರಲ್ಲಿ ಕೆಲವರನ್ನು ಈ ಬಾಗಿಲಿನ ಎರಡು ಗೋಪುರಗಳಲ್ಲಿ ವರ್ಷಗಟ್ಟಲೆ ಕೂಡಿಹಾಕಿದ್ದರು ಎಂದು ಹೇಳಿಕೊಂಡು ಬಂದಿದ್ದಾರೆ. ಒಳಗೋಡೆಯ ಮೃದು ಸುಣ್ಣಕಲ್ಲಿನ ಮೇಲೆ ಗೀರಿದ ಚಿತ್ರಗಳಿವೆ. ಶಿಲುಬೆಯ ಮೇಲಿನ ಕ್ರಿಸ್ತ, ಕೆಳಗೆ ಚಿಕ್ಕ ಚಿಕ್ಕ ಮನುಷ್ಯರು, ಪಕ್ಕದಲ್ಲಿ ಶಿಲುಬೆಗಳು. ಉಳಿಯ ಗುರುತಿಲ್ಲ, ಕೈಗೆ ಸಿಕ್ಕ ಮೊನೆಯಿಂದ ಉಜ್ಜಿ ಉಜ್ಜಿ ಬಿಡಿಸಿದ ಗೆರೆಗಳು. ಕಿಂಡಿಯಿಂದ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಅವು ನೆರಳು ತಳೆದು ಎದ್ದು ಕಾಣುತ್ತವೆ. ಆ ಕಿಂಡಿಯಷ್ಟೇ ಅವರಿಗೆ ಉಳಿದಿದ್ದ ನೋಟ.

ನದಿಯ ಬಲದಂಡೆಯ ಲಾ ರೋಕ್ ಗಜಾಕ್ ಬಂಡೆಗೆ ಅಂಟಿಕೊಂಡ ಊರು. ದಕ್ಷಿಣಕ್ಕೆ ಮುಖ ಮಾಡಿ, ಬೆನ್ನಿಗೆ ಬಿಸಿಲು ಹೀರಿದ ಕಲ್ಲು ಇರುವುದರಿಂದ ಚಳಿನಾಡಿನಲ್ಲೂ ಅಲ್ಲಿ ತಾಳೆಜಾತಿಯ ಮರಗಳು, ಬಾಳೆಗಿಡಗಳು ಬೆಳೆಯುತ್ತವೆ. ಆಸರೆ ಕೊಟ್ಟ ಬಂಡೆಯೇ 1957ರ ಜನವರಿಯಲ್ಲಿ ಕುಸಿದು ಮೂವರ ಜೀವ ತೆಗೆಯಿತು, ಮನೆಗಳು ನೆಲಸಮವಾದವು. ಊರ ನಡುವೆ ತಲೆಯೆತ್ತಿ ನೋಡಿದರೆ ಬಂಡೆಯ ಮೇಲೆ ಆ ಗಾಯದ ಬಣ್ಣ ಬೇರೆಯಾಗಿ ಕಾಣುತ್ತದೆ.

ಯುದ್ಧ ನಿಂತ ಮೇಲೆ ಏನಾಯಿತು ಎನ್ನುವುದಕ್ಕೆ ಮಿಲಾಂದ್ ಸಾಕ್ಷಿ. 1489ರಲ್ಲಿ, ಅಂದರೆ ಕಾಸ್ತಿಯೋಂ ಕದನ ಕಳೆದು 36 ವರ್ಷಕ್ಕೆ, ಕಸ್ತೆಲ್ನೋದ ಒಡೆಯ ಫ್ರಾಂಸ್ವಾ ದ ಕೋಮೋಂ ಹೆಂಡತಿ ಕ್ಲೋದ್‌ಗಾಗಿ ಇದನ್ನು ಕಟ್ಟಿಸಿದ. ಬಾಣದ ಕಿಂಡಿಗಳ ಜಾಗದಲ್ಲಿ ಕಲ್ಲಿನ ಶಿಲುಬೆಯಾಕಾರದ ಚೌಕಟ್ಟಿನ ಅಗಲ ಕಿಟಕಿಗಳು ಬಂದವು. ಗೋಡೆಯಲ್ಲಿ ದೊಡ್ಡ ಕಿಟಕಿ ತೆರೆಯಬೇಕಾದರೆ ಹೊರಗಿನವರನ್ನು ನಂಬಬೇಕು. ಒಂದೇ ತಲೆಮಾರಿನಲ್ಲಿ ಆ ನಂಬಿಕೆ ಹುಟ್ಟಿತ್ತು.

ಇದೇ ಮನೆಯನ್ನು 1947ರಲ್ಲಿ ಕೊಂಡವಳು ಜೋಸೆಫಿನ್ ಬೇಕರ್. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1906ರಲ್ಲಿ ಕಪ್ಪು ಜನಾಂಗದ ಬಡ ಮನೆಯಲ್ಲಿ ಹುಟ್ಟಿ, ಪ್ಯಾರಿಸಿನ ರಂಗದ ತಾರೆಯಾಗಿ, ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಪರ ಗುಪ್ತ ಮಾಹಿತಿ ಸಾಗಿಸಿದವಳು. ಬೇರೆ ಬೇರೆ ದೇಶ, ಬೇರೆ ಬೇರೆ ಜನಾಂಗಗಳ 12 ಮಕ್ಕಳನ್ನು ದತ್ತು ತೆಗೆದುಕೊಂಡು, ಒಂದೇ ಮನೆಯಲ್ಲಿ ಅಣ್ಣತಮ್ಮಂದಿರಾಗಿ ಬೆಳೆಯಬಹುದು ಎಂದು ತೋರಿಸಲು ಈ ಶಾತೋವನ್ನು ಆರಿಸಿಕೊಂಡಳು. ಸಾಲ ಮೇಲೇರಿ 1960ರ ದಶಕದ ಕೊನೆಗೆ ಮನೆ ಕೈಬಿಟ್ಟಿತು, ಹೊರಹಾಕಿಸಿಕೊಂಡಳು. 2021ರ ನವೆಂಬರ್ 30ರಂದು ದೇಶದ ಮಹನೀಯರ ಸಮಾಧಿಮಂದಿರವಾದ ಪ್ಯಾರಿಸಿನ ಪಾಂಥೆಯೋಂನಲ್ಲಿ ಫ್ರಾನ್ಸ್ ಆಕೆಗೆ ಅತ್ಯುನ್ನತ ಗೌರವ ಕೊಟ್ಟಾಗ, ಸಾಂಕೇತಿಕ ಶವಪೆಟ್ಟಿಗೆಯಲ್ಲಿ ಇಟ್ಟ ಮಣ್ಣಿನಲ್ಲಿ ಒಂದು ಹಿಡಿ ಮಿಲಾಂದ್‌ನದು.

ಇಷ್ಟೆಲ್ಲ ಉಳಿದು ಬಂದದ್ದು ತಾನಾಗಿ ಅಲ್ಲ. 1789ರ ಕ್ರಾಂತಿಯ ನಂತರ ಅನೇಕ ಕೋಟೆಗಳು ಬರಿದಾದವು, ಮಾರಾಟವಾದವು. ಕಸ್ತೆಲ್ನೋವನ್ನು 19ನೇ ಶತಮಾನದಲ್ಲಿ ಕಲ್ಲುಗಣಿಯಂತೆ ಬಳಸಿ, ಗೋಡೆ ಕಿತ್ತು ಕೆಳಗೆ ಸಾಗಿಸಿದರು. ಆ ಶತಮಾನದಲ್ಲೇ ಎಚ್ಚರವೂ ಹುಟ್ಟಿತು. 1834ರಲ್ಲಿ ಲೇಖಕ ಪ್ರೊಸ್ಪೆರ್ ಮೆರಿಮೆ ಐತಿಹಾಸಿಕ ಸ್ಮಾರಕಗಳ ಮಹಾ ಪರಿವೀಕ್ಷಕನಾಗಿ ನೇಮಕಗೊಂಡು ಊರೂರು ತಿರುಗಿದ. 1840ರಲ್ಲಿ ಸುಮಾರು ಸಾವಿರ ಸ್ಮಾರಕಗಳ ಮೊದಲ ಪಟ್ಟಿ ಹೊರಬಂತು. 1913ರಲ್ಲಿ ಗಟ್ಟಿ ಕಾನೂನು. ಇಂದು ಕಾಪಾಡಿದ ಸ್ಮಾರಕಗಳ ಸಂಖ್ಯೆ ಸುಮಾರು 45,000. ಅವುಗಳಲ್ಲಿ ಅರ್ಧದಷ್ಟು ಈಗಲೂ ಖಾಸಗಿಯವರ ಆಸ್ತಿ. ಹಾಗಾಗಿ ಟಿಕೆಟ್ಟಿನ ಹಣ ಬಹಳ ಕಡೆ ನೇರವಾಗಿ ಮಾಡಿನ ರಿಪೇರಿಗೆ ಹೋಗುತ್ತದೆ. ಈ ಸೀಮೆಯ ‘ಲೋಜ್’ ಮಾಡುಗಳೆಂದರೆ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಂದರ ಮೇಲೊಂದು ಪೇರಿಸಿದ್ದು, ಚದರ ಮೀಟರಿಗೆ 500 ಕಿಲೋದಷ್ಟು ಭಾರ. ಅದನ್ನು ಹೊರುವ ಮರದ ತೊಲೆಗಳನ್ನು ಕೂರಿಸಬಲ್ಲ ಕೈಗಳು ಅಗ್ಗಕ್ಕೆ ಸಿಗುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 1943ರ ಒಂದು ತಿದ್ದುಪಡಿ. ಸ್ಮಾರಕದ ಸುತ್ತ 500 ಮೀಟರಿನೊಳಗೆ ಏನು ಕಟ್ಟಿದರೂ, ಬದಲಿಸಿದರೂ ಅನುಮತಿ ಬೇಕು ಎಂದು ಅದು ಹೇಳಿತು. ಸಂರಕ್ಷಿತ ಪರಿಧಿ ಗೊತ್ತುಮಾಡದ ಕಡೆ ಇಂದಿಗೂ ಅದೇ ಅಳತೆ. ಕಾನೂನು ಕೇಳುವ ಪ್ರಶ್ನೆ ಇದು: ಹೊಸ ಕಟ್ಟಡ ಸ್ಮಾರಕದಿಂದ ಕಾಣುತ್ತದೆಯೇ? ಅಥವಾ ಬೇರೊಂದು ಜಾಗದಲ್ಲಿ ನಿಂತವನ ಕಣ್ಣಿಗೆ ಎರಡೂ ಒಟ್ಟಿಗೆ ಬೀಳುತ್ತವೆಯೇ? ‘ಒಡನೋಟ’ ಎನ್ನಬಹುದಾದ ಈ ಕಲ್ಪನೆಯಲ್ಲಿ ಕಾನೂನು ಬರೆದವರು ಕೋಟೆಯ ಗೋಡೆಯ ಜತೆಗೆ ನೋಡುವವನು ನಿಂತ ಜಾಗವನ್ನೂ ಲೆಕ್ಕಕ್ಕೆ ತಗೊಂಡರು. ಎತ್ತರದಿಂದ ನೋಡಿದಾಗ ಕಣಿವೆಯ ತುಂಬ ಒಂದೂ ಜಾಹೀರಾತು ಫಲಕ ಕಾಣದೆ ಹೋಗುವುದರ ಹಿಂದೆ ಇಂಥ ನಿಯಮಗಳ ಬಿಗಿ ಇದೆ.

ಆದರೂ ಜಗಳ ತಪ್ಪಿಲ್ಲ. ಬೇನಾಕಿನ ಕೆಳಗಿನ ರಸ್ತೆ ಬಂಡೆಗೂ ನದಿಗೂ ನಡುವೆ ಸಿಕ್ಕಿಕೊಂಡ ಕಿರಿದಾದ ಹಾದಿ. ಬೇಸಿಗೆಯಲ್ಲಿ ಕಾರುಗಳ ಸಾಲು ಹಳ್ಳಿಯನ್ನೇ ಕಟ್ಟಿಹಾಕುತ್ತದೆ. ಅದಕ್ಕೆ ಜಿಲ್ಲಾ ಆಡಳಿತ ಸುಮಾರು 3 ಕಿಲೋಮೀಟರಿನ ಬೈಪಾಸಿಗೆ 2018ರಲ್ಲಿ ಕೈಹಾಕಿತು. ಎರಡು ಕಡೆ ಸೇತುವೆ ಕಟ್ಟಿ ನದಿ ದಾಟುವ ರಸ್ತೆ. ವಿರೋಧಿಸಿದವರು ಕೋರ್ಟಿಗೆ ಹೋದರು. ಅದೇ ಡಿಸೆಂಬರಿನಲ್ಲಿ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ ಕೆಲಸ ನಿಲ್ಲಿಸಿತು. 2019ರಲ್ಲಿ ಬೋರ್ಡೋ ನ್ಯಾಯಾಲಯ ಅನುಮತಿ ರದ್ದು ಮಾಡಿ, ಕಟ್ಟಿದ್ದನ್ನು ಕೆಡವಿ ಎಂದಿತು. ಸಂರಕ್ಷಿತ ಜೀವಿಗಳ ನೆಲೆಗೆ ಆಗುವ ಹಾನಿಯನ್ನು ಒಪ್ಪಿಕೊಳ್ಳುವಷ್ಟು ದೊಡ್ಡ ಸಾರ್ವಜನಿಕ ಹಿತ ಈ ರಸ್ತೆಯಲ್ಲಿಲ್ಲ ಎನ್ನುವುದು ನ್ಯಾಯಾಲಯ ಕೊಟ್ಟ ಕಾರಣ. ಬೀದಿಯಲ್ಲಿ ಮಾತ್ರ ಕಣಿವೆಯ ನೋಟದ ಮಾತೂ ಅಷ್ಟೇ ಜೋರಾಗಿತ್ತು. ತೀರ್ಪು ಬಂದು ವರ್ಷಗಳಾದರೂ ಸೇತುವೆಯ ಕಂಬಗಳು ನೀರಿನಲ್ಲೇ ನಿಂತಿದ್ದವು. ಟ್ರಾಫಿಕ್ಕಿನಲ್ಲಿ ಸಿಕ್ಕಿದ ಊರವರ ಕಷ್ಟವೂ ನಿಜ, ಕಣಿವೆಯ ಕಷ್ಟವೂ ನಿಜ. ಬೇರೆ ದಾರಿ ಹುಡುಕಬೇಕಿತ್ತು ಎಂದೇ ನನ್ನ ಅನ್ನಿಸಿಕೆ.

ಹೋಗುವವರಿಗೆ ಒಂದಿಷ್ಟು ಕೆಲಸಕ್ಕೆ ಬರುವ ಮಾತು. ಬೋರ್ಡೋದಿಂದ ಸಾರ್ಲಾ ಊರಿಗೆ ರೈಲಿದೆ, ಅಲ್ಲಿಂದ ಕೋಟೆಗಳಿಗೆ ಕಾರು ಬೇಕು. ನಡೆಯುವವರಿಗೆ ಬಿಳಿ ಮತ್ತು ಕೆಂಪು ಪಟ್ಟೆಯ ಗುರುತಿನ ದೂರದ ಹಾದಿಗಳು, ಹಳದಿ ಪಟ್ಟೆಯ ಹತ್ತಿರದ ಸುತ್ತುಗಳು ಇವೆ. ಪಟ್ಟೆಗಳು ಗುಣಿಸು ಚಿಹ್ನೆಯಾಗಿ ಕಂಡರೆ ದಾರಿ ತಪ್ಪಿದೆ ಎಂದರ್ಥ, ಹಿಂದಿರುಗಿ. ಫ್ರೆಂಚ್ ಸರ್ವೇ ಇಲಾಖೆಯ 1:25,000 ನಕ್ಷೆಗಳಲ್ಲಿ ಕಿರಣ ಚೆಲ್ಲಿದಂತಿರುವ ಚಿಹ್ನೆ ಇದ್ದಲ್ಲಿ ಒಳ್ಳೆಯ ನೋಟ ಖಚಿತ. ಎಷ್ಟೋ ಗುಡ್ಡಗಳ ತುದಿಯಲ್ಲಿ ದಿಕ್ಕು ತೋರುವ ಕಲ್ಲಿನ ಮೇಜುಗಳಿವೆ, ಅದರ ಮೇಲೆ ಕಣ್ಣಳತೆಯ ಪ್ರತಿ ಗುಡ್ಡ, ಪ್ರತಿ ಊರಿನ ಹೆಸರು ಬರೆದಿರುತ್ತದೆ.

ಒಂದೇ ದಿನವಿದ್ದರೆ ಬೆಳಿಗ್ಗೆ ಬೇನಾಕಿನಿಂದ ಶುರುಮಾಡಿ. ಕೆಳಗಿನ ಹಳ್ಳಿಯಿಂದ ಕಲ್ಲು ಹಾಸಿದ ಕಡಿದಾದ ಓಣಿಯಲ್ಲಿ ನಡೆದೇ ಹತ್ತಿ. ಏದುಸಿರು ಬಂದಾಗಲೇ ಕೋಟೆಯ ಎತ್ತರದ ಬೆಲೆ ತಿಳಿಯುವುದು. ಮಧ್ಯಾಹ್ನ ಮಾರ್ಕೇಸಾಕ್. 1860ರ ದಶಕದಿಂದ ಜೂಲಿಯೆಂ ದ ಸೆರ್ವಾಲ್ ಎಂಬ ಒಡೆಯ ನೆಟ್ಟು ಬೆಳೆಸಿದ ತೋಟ ಅದು. ಬಾಕ್ಸ್‌ವುಡ್ ಎಂಬ ನಿತ್ಯಹಸಿರಿನ ಪೊದೆಗಳು ಒಂದೂವರೆ ಲಕ್ಷ, ಕುರಿಮಂದೆಯ ಬೆನ್ನುಗಳಂತೆ ದುಂಡಗೆ ಕತ್ತರಿಸಿ ನಿಲ್ಲಿಸಿದ್ದಾರೆ. ಅದರ ನೆರಳಿನಲ್ಲಿ ನಡೆದು ಪೂರ್ವದ ತುದಿಗೆ ಬಂದರೆ ನದಿಯಿಂದ 130 ಮೀಟರ್ ಮೇಲೆ ಒಂದು ಕಟ್ಟೆ, ಎದುರಿಗೆ ಲಾ ರೋಕ್ ಗಜಾಕ್, ದೂರದಲ್ಲಿ ದೋಮ್. ಪಶ್ಚಿಮದ ತುದಿಗೆ ಹೋದರೆ ಬೇನಾಕ್, ಫೆರಾಕ್, ಕಸ್ತೆಲ್ನೋ ಮೂರೂ ಕೋಟೆಗಳು ಒಂದೇ ನೋಟದಲ್ಲಿ.

ಸಂಜೆಗೆ ಸೇತುವೆ ದಾಟಿ ಕಸ್ತೆಲ್ನೋಗೆ ಬನ್ನಿ. ಆ ಹೊತ್ತಿಗೆ ಸೂರ್ಯ ಪಶ್ಚಿಮಕ್ಕೆ ಇಳಿದಿರುತ್ತಾನೆ, ದಕ್ಷಿಣಕ್ಕೆ ಮುಖ ಮಾಡಿದ ಬೇನಾಕಿನ ಬಂಡೆಯ ಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ. ಕಬ್ಬಿಣದ ಅಂಶವಿರುವ ಆ ಸುಣ್ಣಕಲ್ಲು ಮೊದಲು ಬೆಲ್ಲದ ಬಣ್ಣಕ್ಕೆ, ಆಮೇಲೆ ಅರಿಶಿನಕ್ಕೆ ತಿರುಗುತ್ತದೆ. ಬೆಳಿಗ್ಗೆ ನೀವು ನಿಂತಿದ್ದ ಜಾಗ ಈಗ ಗೋಡೆಯ ಮೇಲಿನ ಒಂದು ಚಿಕ್ಕ ಹಲ್ಲಿನಷ್ಟು ಕಾಣುತ್ತದೆ. ಅಲ್ಲಿ ಯಾರೋ ಓಡಾಡುತ್ತಿರುವುದೂ, ಕಣ್ಣು ಕಿರಿದು ಮಾಡಿ ನೋಡಿದರೆ, ಗೊತ್ತಾಗುತ್ತದೆ.